ಅಪರೂಪದ ಇಂಟೆಸ್ಟಿನಲ್ ಟೈಪ್ ಅಡಿನೋಕಾರ್ಸಿನೋಮಾ: ಬಯಾಪ್ಸಿ ಬ್ಲಾಕ್‌ನಿಂದ ಬಯೋಮಾರ್ಕರ್ ರಿಪೋರ್ಟ್‌ವರೆಗೆ, ಯಾವುದಾದ ಮೇಲೆ ಯಾವುದು

"ಜೀನ್ ಟೆಸ್ಟ್‌ಗೆ ಕಳಿಸಿದ್ವಿ, ಸ್ಯಾಂಪಲ್ ಸಾಲಲ್ಲ ಅಂತ ವಾಪಸ್ ಬಂತು." ಅಪರೂಪದ ಅಡಿನೋಕಾರ್ಸಿನೋಮಾ (ಗ್ರಂಥಿಯ ಜೀವಕೋಶದಿಂದ ಹುಟ್ಟುವ ಕ್ಯಾನ್ಸರ್) ಇರುವವರ ಮನೆಯವರು ಪದೇ ಪದೇ ಹೇಳುವ ಮಾತು ಇದು. ತೆಗೆದ ತುಂಡೇ ತೀರಾ ಚಿಕ್ಕದಾಗಿತ್ತು ಅನ್ನುವ ಸಂದರ್ಭಗಳೂ ಇವೆ. ಆದರೆ ಬಹಳ ಸಲ ಆಗುವುದು ಬೇರೆ. ಇದ್ದ ತುಂಡಿಗೆ ಒಂದಾದ ಮೇಲೊಂದು ಸ್ಟೇನ್ (ಬಣ್ಣ ಹಚ್ಚಿ ನೋಡುವ ಪರೀಕ್ಷೆ) ಹಾಕುತ್ತಾ ಹೋಗಿರುತ್ತಾರೆ, ಚಿಕಿತ್ಸೆಯನ್ನೇ ಬದಲಿಸಬಲ್ಲ ಟೆಸ್ಟ್ ಕೊನೆಗೆ ಉಳಿದಿರುತ್ತದೆ, ಅಷ್ಟು ಹೊತ್ತಿಗೆ ತುಂಡು ಕೂರಿಸಿಟ್ಟ ಮೇಣದ ಬ್ಲಾಕ್ ಖಾಲಿಯಾಗಿರುತ್ತದೆ.

ಸಣ್ಣ ಕರುಳು, ಅಪೆಂಡಿಕ್ಸ್, ಪಿತ್ತನಾಳ ಕರುಳಿಗೆ ತೆರೆಯುವ ಆಂಪುಲಾ, ಮೂಗಿನ ಸೈನಸ್, ಮೂತ್ರಕೋಶದ ತುದಿಯ ಯುರೇಕಸ್, ಶ್ವಾಸಕೋಶ, ಅಂಡಾಶಯ, ಗರ್ಭಕೊರಳು. ಇಷ್ಟೆಲ್ಲ ಜಾಗಗಳಲ್ಲಿ ಕರುಳಿನ ಗ್ರಂಥಿಯನ್ನೇ ಹೋಲುವ ಕ್ಯಾನ್ಸರ್ ಹುಟ್ಟಬಹುದು. ಮೈಕ್ರೋಸ್ಕೋಪ್‌ನಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ. ಈ ಮಾರ್ಗದರ್ಶಿ ರಿಪೋರ್ಟ್ ಹಿಡಿದು ಓಡಾಡುವ ಮನೆಯವರಿಗೆ. ಇಂಥ ಕೇಸ್ ಮೊದಲ ಸಲ ನೋಡುತ್ತಿರುವ ಕಿರಿಯ ಡಾಕ್ಟರ್‌ಗಳಿಗೂ ಉಪಯೋಗ ಆದೀತು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಹೋಗುವುದು ಬರೀ ಸಮಯ ಅಲ್ಲ, ಮತ್ತೆ ಸಿಗದ ಗಡ್ಡೆಯ ತುಂಡು.

## ಹಂತ 1: ಕಾಗದ, ಸ್ಲೈಡ್, ಬ್ಲಾಕ್ ಮೂರೂ ಎಲ್ಲಿವೆ ಅಂತ ಪತ್ತೆ ಮಾಡಿ

ಮೊದಲು ಬೇಕಾದವು ಇವು. ಬಯಾಪ್ಸಿ ಅಥವಾ ಆಪರೇಷನ್‌ನ ಪೂರ್ತಿ ಪ್ಯಾಥಾಲಜಿ ರಿಪೋರ್ಟ್, ಕೊನೆಯ ಸಾಲು ಮಾತ್ರ ಬರೆದ ಸಾರಾಂಶ ಸಾಲದು. ಸ್ಟೇನ್ ಹಾಕಿದ ಸ್ಲೈಡ್‌ಗಳು. ಪ್ಯಾರಾಫಿನ್ ಬ್ಲಾಕ್, ಅಂದರೆ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿಟ್ಟ ಚಿಕ್ಕ ಕ್ಯಾಸೆಟ್. ಸ್ಕ್ಯಾನ್ ಮತ್ತು ಸ್ಕೋಪಿ ರಿಪೋರ್ಟ್‌ಗಳು. ಕೀಮೋ ಅಥವಾ ರೇಡಿಯೇಷನ್ ಶುರುವಾಗಿದ್ದರೆ ಅದರ ತಾರೀಖು.

ರಿಪೋರ್ಟ್‌ನಲ್ಲಿ ಬ್ಲಾಕ್ ನಂಬರ್ ಇದೆಯಾ ನೋಡಿ. ಒಂದು ಆಪರೇಷನ್‌ನಿಂದ ಹತ್ತಾರು ಬ್ಲಾಕ್ ಬರುತ್ತವೆ. ಅದರಲ್ಲಿ ಗಡ್ಡೆ ಜಾಸ್ತಿ ಇರುವುದು ಒಂದೋ ಎರಡೋ. "ಯಾವುದಾದರೂ ಒಂದು ಬ್ಲಾಕ್ ಕೊಡಿ" ಅಂತ ಕೇಳಿದರೆ ಗಡ್ಡೆಯೇ ಇಲ್ಲದ ಅಂಚಿನ ಬ್ಲಾಕ್ ಕೈಗೆ ಬರಬಹುದು. ಟೆಸ್ಟ್‌ಗೆ ಯಾವ ಬ್ಲಾಕ್ ಒಳ್ಳೆಯದು ಅನ್ನುವುದನ್ನು ಪ್ಯಾಥಾಲಜಿಸ್ಟ್ ಸ್ಲೈಡ್ ನೋಡಿಯೇ ಹೇಳಬೇಕು. ಆ ನಂಬರನ್ನು ಬರೆಸಿಕೊಳ್ಳಿ.

ಎಚ್ಚರಿಕೆ: ಬ್ಲಾಕ್ ಬಿಸಿಲಲ್ಲಿ, ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮೇಣ ಕರಗಿದರೆ ಕಷ್ಟ. ಫ್ರೀಜರ್‌ನಲ್ಲೂ ಬೇಡ. ತಂಪಾದ, ಒಣ ಜಾಗ ಸಾಕು.

## ಹಂತ 2: ಗಡ್ಡೆ ಹುಟ್ಟಿದ್ದು ಎಲ್ಲಿ ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗ ಇದು. "ಅಡಿನೋಕಾರ್ಸಿನೋಮಾ, ಇಂಟೆಸ್ಟಿನಲ್ ಟೈಪ್" ಅನ್ನುವ ಸಾಲು ಗಡ್ಡೆ ಹೇಗೆ ಕಾಣುತ್ತದೆ ಅಂತ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಸೈನಸ್‌ನಲ್ಲೋ ಶ್ವಾಸಕೋಶದಲ್ಲೋ ಸಿಕ್ಕ ಗಡ್ಡೆ ಅಲ್ಲೇ ಹುಟ್ಟಿದ್ದಿರಬಹುದು. ದೊಡ್ಡ ಕರುಳಿನಿಂದ ಹರಡಿ ಬಂದದ್ದೂ ಇರಬಹುದು. ಸ್ಟೇನ್‌ಗಳನ್ನು ಎಷ್ಟೇ ಹಾಕಿದರೂ ಈ ಎರಡನ್ನು ಖಚಿತವಾಗಿ ಬೇರೆ ಮಾಡಲು ಆಗದ ಕೇಸ್‌ಗಳು ಸಾಕಷ್ಟಿವೆ. ಅಲ್ಲಿ ಉತ್ತರ ಕೊಡುವುದು ಕೊಲೊನೋಸ್ಕೋಪಿ, ಹೊಟ್ಟೆಯ ಸಿಟಿ ಸ್ಕ್ಯಾನ್, ಹಳೆಯ ಕಾಯಿಲೆಗಳ ವಿವರ. ಹಿಂದೆಂದೋ ಕರುಳಿನ ಆಪರೇಷನ್ ಆಗಿದ್ದರೆ ಅದನ್ನು ಪ್ಯಾಥಾಲಜಿಸ್ಟ್‌ಗೆ ತಪ್ಪದೆ ಹೇಳಿ, ಎಷ್ಟೇ ವರ್ಷ ಹಳೆಯದಾಗಿದ್ದರೂ ಸರಿ.

ಇದರಿಂದ ಚಿಕಿತ್ಸೆ ನಿಜಕ್ಕೂ ಬದಲಾಗುತ್ತದಾ? ಬದಲಾಗುತ್ತದೆ. ಬ್ರಾಫ್ ಜೀನ್‌ನ ವಿ600ಇ ಬದಲಾವಣೆಯನ್ನೇ ತೆಗೆದುಕೊಳ್ಳಿ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಔಷಧಗಳ ಜೋಡಿಗೆ, ಈ ಬದಲಾವಣೆ ಇರುವ, ಮುಂದುವರಿದ ಹಂತದ ಬೇರೆ ಬೇರೆ ಅಂಗಗಳ ಗಡ್ಡೆಗಳಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರನ್ನು ಅದರಿಂದ ಹೊರಗಿಟ್ಟಿತು, ಯಾಕೆಂದರೆ ಅಲ್ಲಿ ಬ್ರಾಫ್ ತಡೆಯುವ ಔಷಧಕ್ಕೆ ಗಡ್ಡೆ ಮೊದಲಿನಿಂದಲೇ ಬಗ್ಗುವುದಿಲ್ಲ, ಬೇರೆ ಜೋಡಿ ಬೇಕಾಗುತ್ತದೆ. ಜೀನ್ ಬದಲಾವಣೆ ಒಂದೇ, ಹುಟ್ಟಿದ ಜಾಗ ಬೇರೆಯಾದರೆ ಔಷಧವೂ ಬೇರೆ. ಮೂಲ ಗೊತ್ತಿಲ್ಲದೆ ಬಯೋಮಾರ್ಕರ್ (ಔಷಧ ಆರಿಸಲು ನೋಡುವ ಗಡ್ಡೆಯ ಗುರುತು) ರಿಪೋರ್ಟ್ ಓದಿದರೆ ತಪ್ಪು ಔಷಧದ ಕಡೆ ಹೋಗುವ ಅಪಾಯ ಇದೆ.

ಜಾಗದ ಪ್ರಕಾರ ಕೇಳಬೇಕಾದ ಪ್ರಶ್ನೆಗಳು:

- ಸೈನಸ್: ಮರದ ಪುಡಿ, ಚರ್ಮದ ಧೂಳಿನಲ್ಲಿ ಕೆಲಸ ಮಾಡಿದ್ದರಾ? ಈ ಗಡ್ಡೆಗೂ ಆ ಧೂಳಿಗೂ ಗಟ್ಟಿ ನಂಟಿದೆ. ಕೆಲಸ ಬಿಟ್ಟು ದಶಕಗಳಾದ ಮೇಲೂ ಬರಬಹುದು. ಎರಡು ಕಣ್ಣುಗಳ ನಡುವಿನ ಎಥ್‌ಮಾಯ್ಡ್ ಸೈನಸ್‌ನಲ್ಲಿ ಶುರುವಾಗುವುದು ಜಾಸ್ತಿ.
- ಮೂತ್ರಕೋಶ: ಗಡ್ಡೆಯ ನಡುಭಾಗ ಮೂತ್ರಕೋಶದ ಮೇಲ್ತುದಿಯಲ್ಲೋ ಮುಂಗೋಡೆಯಲ್ಲೋ ಇದೆಯಾ? ಇದ್ದರೆ ಯುರೇಕಸ್ ಕಡೆ ಯೋಚನೆ ಹೋಗಬೇಕು.
- ಸಣ್ಣ ಕರುಳು: ಕ್ರೋನ್ಸ್ ಕಾಯಿಲೆ, ಸೀಲಿಯಾಕ್ ಕಾಯಿಲೆ, ಮನೆತನದಲ್ಲಿ ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಅಥವಾ ಲಿಂಚ್ ಸಿಂಡ್ರೋಮ್ (ವಂಶದಿಂದ ಬರುವ ಕ್ಯಾನ್ಸರ್ ಅಪಾಯ) ಇದೆಯಾ?
- ಅಂಡಾಶಯ: ಎರಡೂ ಕಡೆ ಗಡ್ಡೆ, ಹೊರಮೈಯಲ್ಲಿ ಗಂಟುಗಳು ಇದ್ದರೆ ಹರಡಿ ಬಂದದ್ದು ಅನ್ನುವ ಅನುಮಾನ ಜಾಸ್ತಿ. ಅಪೆಂಡಿಕ್ಸ್ ನೋಡಿದ್ದಾರಾ ಅಂತ ಕೇಳಿ.

## ಹಂತ 3: ತುಂಡು ಫಾರ್ಮಲಿನ್‌ಗೆ ಹೇಗೆ ಹೋಯಿತು ಅಂತ ನೋಡಿ

ಬಯಾಪ್ಸಿ ಇನ್ನೂ ಆಗಿಲ್ಲ ಅಂದರೆ ನಿಮ್ಮ ಅದೃಷ್ಟ, ಈ ಹಂತವನ್ನು ಸರಿಯಾಗಿ ಮಾಡಿಸಬಹುದು. ತೆಗೆದ ತುಂಡು 1 ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಇರಬೇಕು. ತುಂಡಿನ ಗಾತ್ರಕ್ಕಿಂತ ಕನಿಷ್ಠ 10 ಪಟ್ಟು ಫಾರ್ಮಲಿನ್ ಬೇಕು. 6ರಿಂದ 72 ಗಂಟೆ ಅದರಲ್ಲಿದ್ದರೆ ಚೆನ್ನ. ಕಡಿಮೆಯಾದರೆ ಒಳಭಾಗ ಹಾಳಾಗುತ್ತದೆ, ತುಂಬಾ ಜಾಸ್ತಿಯಾದರೆ ಡಿಎನ್‌ಎ ಚೂರು ಚೂರಾಗುತ್ತದೆ. ದೊಡ್ಡ ಗಡ್ಡೆಯನ್ನು ಸೀಳದೆ ಇಡಿಯಾಗಿ ಡಬ್ಬಿಗೆ ಹಾಕಿ ರಜೆ ಮುಗಿಯುವವರೆಗೆ ಬಿಟ್ಟರೆ ಫಾರ್ಮಲಿನ್ ಒಳಗೆ ಇಳಿಯುವುದೇ ಇಲ್ಲ. ಆಗ ನಡುವಿನ ಭಾಗದ ಸ್ಟೇನ್‌ಗಳನ್ನು ನಂಬಲು ಆಗುವುದಿಲ್ಲ.

ಮೂಳೆ ಸೇರಿಕೊಂಡ ತುಂಡುಗಳದ್ದು ಬೇರೆಯೇ ಸಮಸ್ಯೆ. ಸೈನಸ್ ಗಡ್ಡೆಯಲ್ಲಿ, ಮೂಳೆಗೆ ಹರಡಿದ ಕಾಯಿಲೆಯಲ್ಲಿ ಇದು ಸಾಮಾನ್ಯ. ಮೂಳೆ ಮೆತ್ತಗಾಗಲಿ ಅಂತ ಲ್ಯಾಬ್‌ನಲ್ಲಿ ಆಸಿಡ್‌ನಲ್ಲಿ ನೆನೆಸುತ್ತಾರೆ. ಆ ಆಸಿಡ್ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಸ್ಲೈಡ್ ನೋಡಲು ಚೆನ್ನಾಗಿಯೇ ಇರುತ್ತದೆ, ಜೀನ್ ಟೆಸ್ಟ್ ಮಾತ್ರ ಫೇಲ್ ಆಗುತ್ತದೆ. ಹಾಗಾಗಿ ಮೆತ್ತನೆಯ ಗಡ್ಡೆಯ ಭಾಗವನ್ನು ಮೂಳೆಯಿಂದ ಬೇರೆ ಮಾಡಿ, ಆಸಿಡ್ ತಾಗಿಸದೆ, ಬೇರೆ ಬ್ಲಾಕ್ ಮಾಡಿ ಅಂತ ಬಯಾಪ್ಸಿಗೆ ಮುಂಚೆಯೇ ಹೇಳಿ. ಮೂಳೆಯನ್ನು ಬಿಡಿಸಲು ಆಗದಿದ್ದರೆ ಆಸಿಡ್ ಬದಲು ಇಡಿಟಿಎ (ಮೂಳೆಯ ಕ್ಯಾಲ್ಸಿಯಂ ಹೊರತೆಗೆಯುವ ರಾಸಾಯನಿಕ) ಬಳಸಬಹುದಾ ಅಂತ ಕೇಳಿ. ಅದು ನಿಧಾನ, ಆದರೆ ಡಿಎನ್‌ಎ ಉಳಿಯುತ್ತದೆ.

## ಹಂತ 4: ಸ್ಲೈಡ್ ಕತ್ತರಿಸುವ ಮುನ್ನ ಪಟ್ಟಿ ಮಾಡಿ

ಟೆಕ್ನೀಷಿಯನ್ ಬ್ಲಾಕನ್ನು ಮೈಕ್ರೋಟೋಮ್‌ಗೆ (ತೆಳು ಪದರ ಕತ್ತರಿಸುವ ಯಂತ್ರ) ಸಿಕ್ಕಿಸಿದಾಗ ಮೇಣದ ಮೇಲ್ಮೈ ಬ್ಲೇಡಿಗೆ ಸಮವಾಗಿ ಇರುವುದಿಲ್ಲ. ಸಮ ಬರುವವರೆಗೆ ಒಂದಷ್ಟು ಪದರ ಹೆರೆಯಬೇಕು. ಆ ಪದರಗಳು ಕಸಕ್ಕೆ ಹೋಗುತ್ತವೆ. ಆಮೇಲೆ ಬರುವ 4ರಿಂದ 5 ಮೈಕ್ರಾನ್ ದಪ್ಪದ ಪದರ ಮಾತ್ರ ಸ್ಲೈಡ್ ಆಗುತ್ತದೆ. 4 ಮೈಕ್ರಾನ್‌ನ 20 ಸ್ಲೈಡ್ ಅಂದರೆ ಒಟ್ಟು 80 ಮೈಕ್ರಾನ್, 1 ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಇಲ್ಲ. ಅಂದರೆ ಸ್ಲೈಡ್‌ಗಳು ತುಂಡನ್ನು ಅಷ್ಟೇನೂ ತಿನ್ನುವುದಿಲ್ಲ. ತಿನ್ನುವುದು ಪದೇ ಪದೇ ಬ್ಲಾಕ್ ತೆಗೆದು, ಮತ್ತೆ ಸಿಕ್ಕಿಸಿ, ಮತ್ತೆ ಹೆರೆಯುವ ಕೆಲಸ. ಇವತ್ತು ನಾಲ್ಕು ಸ್ಟೇನ್, ಮುಂದಿನ ವಾರ ಮೂರು, ಆಮೇಲೆ ಎಂಎಂಆರ್ (ಡಿಎನ್‌ಎ ತಪ್ಪುಗಳನ್ನು ರಿಪೇರಿ ಮಾಡುವ ಪ್ರೋಟೀನ್‌ಗಳ ಟೆಸ್ಟ್), ಆಮೇಲೆ ಹರ್2 (ಗಡ್ಡೆ ಬೆಳೆಯಲು ನೆರವಾಗುವ ಒಂದು ಪ್ರೋಟೀನಿನ ಟೆಸ್ಟ್) ಅಂತ ಬಿಡಿಬಿಡಿಯಾಗಿ ಹೋದರೆ ಸೂಜಿ ಬಯಾಪ್ಸಿ ಬೇಗ ಮುಗಿದುಹೋಗುತ್ತದೆ.

ಪರಿಹಾರ ಸುಲಭ. ಎಲ್ಲ ಟೆಸ್ಟ್‌ಗೂ ಬೇಕಾದ ಬಣ್ಣ ಹಾಕದ ಸ್ಲೈಡ್‌ಗಳನ್ನು ಒಂದೇ ಸಲ ಕತ್ತರಿಸಿ ಇಡಲು ಕೇಳಿ. ಪ್ಯಾಥಾಲಜಿಸ್ಟ್, ಆಂಕಾಲಜಿಸ್ಟ್ ಇಬ್ಬರೂ ಕೂತು, ಇಲ್ಲವೇ ಫೋನ್‌ನಲ್ಲೇ ಮಾತಾಡಿ, ಪಟ್ಟಿ ಮಾಡಿಕೊಂಡರೆ ಸಾಕು. ಮೊದಲ ಸ್ಲೈಡ್ ಮತ್ತು ಕೊನೆಯ ಸ್ಲೈಡ್‌ಗೆ ಮಾಮೂಲಿ ಎಚ್ ಅಂಡ್ ಇ ಸ್ಟೇನ್ ಹಾಕಿಸಿ. ಎರಡರಲ್ಲೂ ಗಡ್ಡೆ ಕಂಡರೆ ಮಧ್ಯದ ಸ್ಲೈಡ್‌ಗಳಲ್ಲೂ ಇದೆ ಅಂತ ಧೈರ್ಯವಾಗಿ ಹೇಳಬಹುದು. ಎಂಡೋಸ್ಕೋಪಿಯಲ್ಲಿ ನಾಲ್ಕೈದು ಚೂರು ತೆಗೆದಿದ್ದರೆ ಎಲ್ಲವನ್ನೂ ಒಂದೇ ಬ್ಲಾಕ್‌ಗೆ ತುಂಬದೆ ಎರಡು ಬ್ಲಾಕ್ ಮಾಡುವುದು ಇನ್ನೂ ಒಳ್ಳೆಯದು. ಒಂದು ಸ್ಟೇನ್‌ಗೆ, ಇನ್ನೊಂದು ಜೀನ್ ಟೆಸ್ಟ್‌ಗೆ.

ಹಾಗಂತ ಕತ್ತರಿಸಿಟ್ಟ ಸ್ಲೈಡ್‌ಗಳನ್ನು ತಿಂಗಳುಗಟ್ಟಲೆ ಬಿಡಬೇಡಿ. ಗಾಳಿ ತಾಗಿ ಕೆಲವು ಪ್ರೋಟೀನ್‌ಗಳ ಸ್ಟೇನ್ ಮಸುಕಾಗುತ್ತದೆ.

## ಹಂತ 5: ಮೂಲ ಹುಡುಕುವ ಸ್ಟೇನ್‌ಗಳು, ಕಡಿಮೆ ಇದ್ದಷ್ಟೂ ಒಳ್ಳೆಯದು

ಐಎಚ್‌ಸಿ ಅಂದರೆ ಜೀವಕೋಶದಲ್ಲಿರುವ ಒಂದೊಂದು ಪ್ರೋಟೀನ್‌ಗೆ ಬಣ್ಣ ಹಚ್ಚಿ ನೋಡುವ ಪರೀಕ್ಷೆ. ಕರುಳಿನ ಗುರುತಿಗೆ ಸಿಕೆ20, ಸಿಡಿಎಕ್ಸ್2, ಎಸ್‌ಎಟಿಬಿ2 ನೋಡುತ್ತಾರೆ, ಜೊತೆಗೆ ಸಿಕೆ7. ದೊಡ್ಡ ಕರುಳಿನ ಗಡ್ಡೆಯಲ್ಲಿ ಸಾಮಾನ್ಯವಾಗಿ ಮೊದಲ ಮೂರು ಪಾಸಿಟಿವ್, ಸಿಕೆ7 ನೆಗೆಟಿವ್. ಸಣ್ಣ ಕರುಳಿನ ಗಡ್ಡೆಯಲ್ಲಿ ಸಿಕೆ7 ಪಾಸಿಟಿವ್ ಬರುವುದು ಮಾಮೂಲಿ, ಎಸ್‌ಎಟಿಬಿ2 ಬರುವುದು ಕಡಿಮೆ. ಸೈನಸ್‌ನ ಇಂಟೆಸ್ಟಿನಲ್ ಟೈಪ್ ಗಡ್ಡೆಯಲ್ಲಿ ಸಿಕೆ20, ಸಿಡಿಎಕ್ಸ್2 ಪಾಸಿಟಿವ್. ಸಿಕೆ7 ಹೇಗೆ ಬೇಕಾದರೂ ಬರಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು, ಸಿಡಿಎಕ್ಸ್2 ಪಾಸಿಟಿವ್ ಅಂದ ಕೂಡಲೇ "ಕರುಳಿನಿಂದಲೇ ಬಂದಿದೆ" ಅಂತ ತೀರ್ಮಾನ ಮಾಡುವುದು. ಸಿಡಿಎಕ್ಸ್2 ಕರುಳಿನ ಥರ ವರ್ತಿಸುವ ಯಾವ ಗಡ್ಡೆಯಲ್ಲಾದರೂ ಬರಬಹುದು. ಶ್ವಾಸಕೋಶದ ಎಂಟೆರಿಕ್ (ಕರುಳಿನ ಬಗೆಯ) ಗಡ್ಡೆಯಲ್ಲಿ ಶ್ವಾಸಕೋಶದ ಗುರುತಾದ ಟಿಟಿಎಫ್-1 ಎಷ್ಟೋ ಸಲ ನೆಗೆಟಿವ್ ಇರುತ್ತದೆ. ಅದನ್ನು ನೋಡಿ ಗಾಬರಿ ಬಿದ್ದು ಇನ್ನೂ ಹತ್ತು ಸ್ಟೇನ್ ಹಾಕಿಸುತ್ತಾರೆ. ಅದರ ಬದಲು ಹಂತ 2ಕ್ಕೆ ವಾಪಸ್ ಹೋಗಿ, ಕೊಲೊನೋಸ್ಕೋಪಿ ಆಗಿದೆಯಾ ನೋಡಿ.

ಕೆಲವು ಜಾಗಗಳಿಗೆ ಒಂದೆರಡು ಸ್ಟೇನ್ ಸೇರಿಸಿದರೆ ಪ್ರಯೋಜನ ಇದೆ. ಮೂತ್ರಕೋಶದಲ್ಲಿ ಬೀಟಾ-ಕ್ಯಾಟೆನಿನ್: ದೊಡ್ಡ ಕರುಳಿನಿಂದ ಬಂದಿದ್ದರೆ ಅದು ಹೆಚ್ಚಾಗಿ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಕಾಣುತ್ತದೆ, ಯುರೇಕಸ್‌ನದ್ದಾದರೆ ಸಾಮಾನ್ಯವಾಗಿ ಹೊರಪೊರೆಯಲ್ಲೇ ಉಳಿಯುತ್ತದೆ. ಆಂಪುಲಾದಲ್ಲಿ ಸಿಕೆ20, ಸಿಡಿಎಕ್ಸ್2, ಎಂಯುಸಿ1, ಎಂಯುಸಿ2 ಒಟ್ಟಿಗೆ ನೋಡಿ ಕರುಳಿನ ಬಗೆಯೋ ಪಿತ್ತನಾಳ-ಪ್ಯಾಂಕ್ರಿಯಾಸ್ ಬಗೆಯೋ ಅಂತ ಬೇರೆ ಮಾಡುತ್ತಾರೆ. ಅಲ್ಲಿ ಮಿಶ್ರ ಗಡ್ಡೆಗಳೂ ಇವೆ. ಗರ್ಭಕೊರಳಿನಲ್ಲಿ ಪಿ16 ಮತ್ತು ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್).

## ಹಂತ 6: ಎಂಎಂಆರ್. ಎಲ್ಲ ಬಯೋಮಾರ್ಕರ್‌ಗಿಂತ ಮೊದಲು ಇದು

ಒಂದೇ ಒಂದು ಬಯೋಮಾರ್ಕರ್ ಟೆಸ್ಟ್‌ಗೆ ಸಾಕಾಗುವಷ್ಟು ತುಂಡು ಉಳಿದಿದ್ದರೆ ಅದನ್ನು ಎಂಎಂಆರ್‌ಗೆ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಮೂರು ಕಾರಣ ಇವೆ. ನಾಲ್ಕೇ ಸ್ಲೈಡ್‌ನಲ್ಲಿ ಮುಗಿಯುತ್ತದೆ. ಫಲಿತಾಂಶ ಬೇಗ ಬರುತ್ತದೆ. ಡಿಎನ್‌ಎ ರಿಪೇರಿಯಲ್ಲಿ ದೋಷ ಸಿಕ್ಕರೆ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ದಾರಿ ತೆರೆಯುತ್ತದೆ, ಮನೆಯವರಿಗೆ ಲಿಂಚ್ ಸಿಂಡ್ರೋಮ್ ಇದೆಯಾ ಅನ್ನುವ ಸುಳಿವೂ ಸಿಗುತ್ತದೆ. 2017ರಲ್ಲಿ ಇಮ್ಯುನೋಥೆರಪಿ ಔಷಧ ಪೆಂಬ್ರೊಲಿಜುಮ್ಯಾಬ್‌ಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಅಂಗ ಯಾವುದು ಅಂತ ನೋಡದೆ ಈ ದೋಷ ಒಂದನ್ನೇ ಆಧಾರ ಮಾಡಿಕೊಂಡಿತು. ಸಣ್ಣ ಕರುಳಿನ ಗಡ್ಡೆಯಲ್ಲಿ ಈ ದೋಷ ಅಪರೂಪವೇನಲ್ಲ, ಅಲ್ಲಿ ಎಲ್ಲರಿಗೂ ಈ ಟೆಸ್ಟ್ ಆಗಬೇಕು. ಸೈನಸ್ ಗಡ್ಡೆಯಲ್ಲಿ ಅದು ಸಿಗುವುದು ತೀರಾ ಕಡಿಮೆ.

ನಾಲ್ಕು ಪ್ರೋಟೀನ್: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಜೋಡಿಯಾಗಿ ಕೆಲಸ ಮಾಡುತ್ತವೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ಹೋಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ. ಆದರೆ ಪಿಎಂಎಸ್2 ಒಂದೇ, ಅಥವಾ ಎಂಎಸ್‌ಎಚ್6 ಒಂದೇ ಹೋಗಿರುವುದೂ ಉಂಟು.

ಸ್ಲೈಡ್ ಓದುವಾಗ ಪ್ಯಾಥಾಲಜಿಸ್ಟ್ ಕಣ್ಣು ಮೊದಲು ಹೋಗಬೇಕಾದದ್ದು ಗಡ್ಡೆಯ ಮೇಲೆ ಅಲ್ಲ, ಅದರ ಸುತ್ತ ಚದುರಿರುವ ಚಿಕ್ಕ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ಮೇಲೆ. ಅವು ಆರೋಗ್ಯವಾಗಿರುವ ಜೀವಕೋಶಗಳು, ಅವುಗಳ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಲೇಬೇಕು. ಅವು ಕಂದಾಗಿ, ಪಕ್ಕದಲ್ಲೇ ಇರುವ ಗಡ್ಡೆಯ ಗ್ರಂಥಿಗಳು ಬರೀ ನೀಲಿಯಾಗಿ ಉಳಿದಿದ್ದರೆ ಆ ಪ್ರೋಟೀನ್ ನಿಜಕ್ಕೂ ಇಲ್ಲ. ಎರಡೂ ನೀಲಿಯಾಗಿದ್ದರೆ ಸ್ಟೇನ್ ಕೆಲಸ ಮಾಡಿಲ್ಲ ಅಂತ ಅರ್ಥ, ಮತ್ತೆ ಮಾಡಬೇಕು. ಫಾರ್ಮಲಿನ್ ಸರಿಯಾಗಿ ಇಳಿಯದ ತುಂಡುಗಳಲ್ಲಿ ಇದು ಆಗುತ್ತಿರುತ್ತದೆ. ರಿಪೋರ್ಟ್‌ನಲ್ಲಿ "ಇಂಟರ್ನಲ್ ಕಂಟ್ರೋಲ್ ಪಾಸಿಟಿವ್" ಅನ್ನುವ ಸಾಲು ಇದೆಯಾ ಅಂತ ಹುಡುಕಿ.

ಇನ್ನು ಮುಂದಿನ ಹೆಜ್ಜೆ:

- ಎಂಎಲ್‌ಎಚ್1 ಮತ್ತು ಪಿಎಂಎಸ್2 ಇಲ್ಲ: ಎಂಎಲ್‌ಎಚ್1 ಮೆಥಿಲೇಷನ್ ಟೆಸ್ಟ್ (ಜೀನ್ ಕೆಡದೆ ಬರೀ ಮುಚ್ಚಿಹೋಗಿದೆಯಾ ಅಂತ ನೋಡುವುದು) ಮಾಡಿಸಿ. ಮೆಥಿಲೇಷನ್ ಇದ್ದರೆ ಹೆಚ್ಚಾಗಿ ವಂಶದಿಂದ ಬಂದದ್ದಲ್ಲ. ದೊಡ್ಡ ಕರುಳಿನಲ್ಲಿ ಇದಕ್ಕೆ ಬದಲಾಗಿ ಬ್ರಾಫ್ ವಿ600ಇ ನೋಡಿ ಮುಗಿಸುತ್ತಾರೆ. ಸಣ್ಣ ಕರುಳಿನಲ್ಲಿ ಆ ಅಡ್ಡದಾರಿ ಹಿಡಿಯಬೇಡಿ. ಅಲ್ಲಿ ವಿ600ಇ ಸಿಗುವುದೇ ಕಡಿಮೆ, ಅದು ಇಲ್ಲ ಅಂದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ.
- ಎಂಎಸ್‌ಎಚ್2, ಎಂಎಸ್‌ಎಚ್6 ಇಲ್ಲ, ಅಥವಾ ಪಿಎಂಎಸ್2 ಒಂದೇ ಇಲ್ಲ: ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ರಕ್ತದ ಟೆಸ್ಟ್‌ಗೆ.
- ಎಂಎಸ್‌ಎಚ್6 ಒಂದೇ ಇಲ್ಲ, ಅಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು: ಚಿಕಿತ್ಸೆಗೆ ಮುಂಚಿನ ಬಯಾಪ್ಸಿ ತರಿಸಿ ಅದರಲ್ಲಿ ಮತ್ತೆ ಮಾಡಿಸಿ. ಕೀಮೋ-ರೇಡಿಯೇಷನ್ ಆದ ಗುದನಾಳದ ಗಡ್ಡೆಗಳಲ್ಲಿ ಎಂಎಸ್‌ಎಚ್6 ಸ್ಟೇನ್ ಸುಳ್ಳಾಗಿ ಕಡಿಮೆಯಾಗುವುದು ಕಂಡಿದೆ.

ಐಎಚ್‌ಸಿ ಗೊಂದಲವಾಗಿದ್ದರೆ ಎಂಎಸ್‌ಐ ಪಿಸಿಆರ್ (ರಿಪೇರಿ ದೋಷದಿಂದ ಡಿಎನ್‌ಎ ಏರುಪೇರಾಗಿದೆಯಾ ಅಂತ ನೋಡುವ ಟೆಸ್ಟ್) ಮಾಡಿಸುತ್ತಾರೆ. ಮಾಮೂಲಿ ಪ್ಯಾನೆಲ್ ಡಿಎನ್‌ಎಯ 5 ಜಾಗ ನೋಡುತ್ತದೆ, 2 ಅಥವಾ ಜಾಸ್ತಿ ಜಾಗ ಏರುಪೇರಾಗಿದ್ದರೆ ಎಂಎಸ್‌ಐ-ಹೈ. ಈ ಪ್ಯಾನೆಲ್‌ಗಳು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಅಂತ ರೂಪುಗೊಂಡವು. ಬೇರೆ ಅಂಗದ ಗಡ್ಡೆಯಲ್ಲಿ ಏರುಪೇರು ಸಣ್ಣದಾಗಿ ಕಾಣಬಹುದು, ತಪ್ಪಿಹೋಗಲೂಬಹುದು. ಪಿಸಿಆರ್ ಒಂದು ಹೇಳಿ ಐಎಚ್‌ಸಿ ಇನ್ನೊಂದು ಹೇಳಿದರೆ ಯಾವುದೋ ಒಂದನ್ನು ಆರಿಸಿಕೊಳ್ಳಬೇಡಿ, ಎರಡನ್ನೂ ಮತ್ತೆ ನೋಡಲು ಹೇಳಿ.

## ಹಂತ 7: ಹರ್2

ಸಣ್ಣ ಕರುಳು, ಆಂಪುಲಾ ಗಡ್ಡೆಗಳಲ್ಲಿ ಹರ್2 ನೋಡುವುದು ಈಗ ಲಾಭದ ಕೆಲಸ. 2024ರಲ್ಲಿ ಎಫ್‌ಡಿಎ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕನ್ ಔಷಧಕ್ಕೆ, ಹರ್2 ಐಎಚ್‌ಸಿ 3+ (ಅತಿ ಗಾಢ ಬಣ್ಣದ ಅಂಕ) ಇರುವ, ಮುಂಚೆ ಚಿಕಿತ್ಸೆ ಆಗಿ ಬೇರೆ ಒಳ್ಳೆಯ ದಾರಿ ಉಳಿಯದ ಗಡ್ಡೆಗಳಲ್ಲಿ ಅಂಗ ನೋಡದೆ ಒಪ್ಪಿಗೆ ಕೊಟ್ಟಿತು. 2+ ಬಂದರೆ ಫಿಶ್ ಟೆಸ್ಟ್ (ಹರ್2 ಜೀನ್‌ನ ಪ್ರತಿಗಳನ್ನು ಎಣಿಸುವುದು) ಬೇಕು. ಅಂಕ ಕೊಡುವ ನಿಯಮ ಸ್ತನಕ್ಕೆ ಒಂದು, ಹೊಟ್ಟೆಗೆ ಇನ್ನೊಂದು, ದೊಡ್ಡ ಕರುಳಿಗೆ ಮತ್ತೊಂದು. ರಿಪೋರ್ಟ್‌ನಲ್ಲಿ ಯಾವ ನಿಯಮ ಬಳಸಿದರು ಅಂತ ಬರೆದಿರಬೇಕು. ಗ್ರಂಥಿಯ ಆಕಾರದ ಗಡ್ಡೆಗಳಲ್ಲಿ ಹರ್2 ಬಣ್ಣ ಜೀವಕೋಶದ ಸುತ್ತ ಪೂರ್ತಿ ಬರದೆ ತಳ ಮತ್ತು ಪಕ್ಕಗಳಲ್ಲಿ ಮಾತ್ರ ಬರುತ್ತದೆ. ಸ್ತನದ ನಿಯಮ ಹಿಡಿದು ಓದಿದರೆ ಪಾಸಿಟಿವ್ ಕೇಸ್ ನೆಗೆಟಿವ್ ಆಗಿಬಿಡಬಹುದು.

## ಹಂತ 8: ಎನ್‌ಜಿಎಸ್‌ಗೆ ಕಳಿಸುವ ಮುಂಚೆ ಗಡ್ಡೆಯ ಪಾಲು ಎಷ್ಟು ಅಂತ ಕೇಳಿ

ಎನ್‌ಜಿಎಸ್ ಒಂದೇ ಸಲಕ್ಕೆ ನೂರಾರು ಜೀನ್ ಓದುತ್ತದೆ. ಬಿಡಿಬಿಡಿಯಾಗಿ ಕೆರಾಸ್ ಒಂದು ದಿನ, ಬ್ರಾಫ್ ಇನ್ನೊಂದು ದಿನ ಅಂತ ಮಾಡಿಸಿ ತುಂಡು ಮುಗಿಸಬೇಡಿ. ಅಪರೂಪದ ಗಡ್ಡೆಯಲ್ಲಿ ಯಾವ ಬದಲಾವಣೆ ಸಿಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ, ಹಾಗಾಗಿ ದೊಡ್ಡ ಪ್ಯಾನೆಲ್‌ಗೇ ಬೆಲೆ ಜಾಸ್ತಿ. ಸಣ್ಣ ಕರುಳಿನ ಗಡ್ಡೆ ದೊಡ್ಡ ಕರುಳಿನದರ ತಮ್ಮ ಅಂತ ತಿಳಿಯಬೇಡಿ: ಎಪಿಸಿ ಜೀನ್‌ನ ಬದಲಾವಣೆ ಅಲ್ಲಿ ತುಂಬಾ ಕಡಿಮೆ, ಬ್ರಾಫ್ ಸಿಕ್ಕರೂ ಬಹುಪಾಲು ವಿ600ಇ ಆಗಿರುವುದಿಲ್ಲ, ಹರ್2 ಬದಲಾವಣೆ ಜಾಸ್ತಿ.

ಈಗ ಕರುಳಿನ ಬಗೆಯ ಗಡ್ಡೆಗಳ ವಿಶೇಷ ತೊಂದರೆ: ಲೋಳೆ. ಮ್ಯೂಸಿನಸ್ (ಲೋಳೆ ತುಂಬಿದ) ಗಡ್ಡೆಯನ್ನು ಬರಿಗಣ್ಣಲ್ಲಿ ನೋಡಿದರೆ ದೊಡ್ಡದಾಗಿರುತ್ತದೆ, ಬ್ಲಾಕ್ ತುಂಬಿರುತ್ತದೆ. ಸ್ಲೈಡ್ ಮೇಲೆ ನೋಡಿದರೆ ಲೋಳೆಯ ಕೆರೆಗಳ ನಡುವೆ ಅಲ್ಲೊಂದು ಇಲ್ಲೊಂದು ಗಡ್ಡೆಯ ಜೀವಕೋಶ. ಉಳಿದದ್ದೆಲ್ಲ ಉರಿಯೂತದ ಜೀವಕೋಶ, ನಾರು. ಅವುಗಳ ಡಿಎನ್‌ಎ ಕೂಡ ಟೆಸ್ಟ್‌ಗೆ ಸೇರಿಕೊಳ್ಳುತ್ತದೆ.

ಲೆಕ್ಕ ಹೀಗಿದೆ. ತುಂಡಿನ ಜೀವಕೋಶಗಳಲ್ಲಿ ಗಡ್ಡೆಯ ಪಾಲು 20% ಇದ್ದು, ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದ್ದರೆ ರಿಪೋರ್ಟ್‌ನಲ್ಲಿ ಆ ಬದಲಾವಣೆ ಸುಮಾರು 10% ಕಾಣುತ್ತದೆ. ಪಾಲು 6% ಇದ್ದರೆ ಕಾಣುವುದು 3%. ಹಲವು ಲ್ಯಾಬ್‌ಗಳು 5%ಗಿಂತ ಕೆಳಗಿನದನ್ನು ವರದಿ ಮಾಡುವುದಿಲ್ಲ. ಬದಲಾವಣೆ ಗಡ್ಡೆಯಲ್ಲಿ ಇದೆ, ರಿಪೋರ್ಟ್‌ನಲ್ಲಿ ಮಾತ್ರ ಇಲ್ಲ. ಅದಕ್ಕೇ ಲ್ಯಾಬ್‌ಗಳು ಸಾಮಾನ್ಯವಾಗಿ 20% ಪಾಲು ಕೇಳುವುದು. ಪಾಲು ಕಡಿಮೆ ಇದ್ದರೆ ಪ್ಯಾಥಾಲಜಿಸ್ಟ್ ಸ್ಲೈಡ್ ಮೇಲೆ ಗಡ್ಡೆ ಜಾಸ್ತಿ ಇರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಬೇಕು. ಲ್ಯಾಬ್‌ನವರು ಅದೇ ಜಾಗವನ್ನು ಮಾತ್ರ ಕೆರೆದು ತೆಗೆಯುತ್ತಾರೆ. ಎಷ್ಟೋ ಫೇಲ್ ಆಗುವ ಕೇಸ್‌ಗಳು ಇದೊಂದು ಪೆನ್ ಗುರುತಿನಿಂದ ಉಳಿಯುತ್ತವೆ. ಸುಮ್ನೆ ಕೇಳಿ ನೋಡಿ, ನಷ್ಟ ಏನೂ ಇಲ್ಲ ಅಲ್ವಾ?

ಪ್ಯಾನೆಲ್ ಆರಿಸುವಾಗ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಎನ್‌ಟಿಆರ್‌ಕೆ, ರೆಟ್ ಥರದ ಜೀನ್ ಜೋಡಣೆಗಳನ್ನು (ಎರಡು ಜೀನ್ ತುಂಡಾಗಿ ಒಂದಕ್ಕೊಂದು ಅಂಟಿಕೊಂಡದ್ದು) ಆರ್‌ಎನ್‌ಎಯಿಂದಲೂ ನೋಡುತ್ತಾರಾ? ಅವು ಅಪರೂಪ, ಸಿಕ್ಕರೆ ಅವಕ್ಕೇ ಅಂತ ಔಷಧ ಇದೆ. ಎಂಎಸ್‌ಐ ಮತ್ತು ಟಿಎಂಬಿ (ಗಡ್ಡೆಯಲ್ಲಿ ಒಟ್ಟು ಎಷ್ಟು ಬದಲಾವಣೆ ಇವೆ ಅನ್ನುವ ಲೆಕ್ಕ) ಕೂಡ ಅದರಲ್ಲೇ ಬರುತ್ತವಾ? ತೀರಾ ಚಿಕ್ಕ ಪ್ಯಾನೆಲ್‌ನಿಂದ ಲೆಕ್ಕ ಹಾಕಿದ ಟಿಎಂಬಿಯನ್ನು ನಂಬಿ ಔಷಧ ತೀರ್ಮಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ತುಂಡು ನಿಜಕ್ಕೂ ಮುಗಿದಿದ್ದರೆ ರಕ್ತದಿಂದ ಮಾಡುವ ಲಿಕ್ವಿಡ್ ಬಯಾಪ್ಸಿ ಇದೆ. ಅದರಲ್ಲಿ ಏನಾದರೂ ಸಿಕ್ಕರೆ ಉಪಯೋಗ. ಏನೂ ಸಿಗದಿದ್ದರೆ "ಏನೂ ಇಲ್ಲ" ಅಂತ ಓದಬೇಡಿ. ಹೊಟ್ಟೆಯ ಒಳಪೊರೆಯಲ್ಲಷ್ಟೇ ಹರಡಿರುವ, ಲೋಳೆ ಜಾಸ್ತಿ ಇರುವ ಗಡ್ಡೆಗಳು ರಕ್ತಕ್ಕೆ ಡಿಎನ್‌ಎ ಬಿಡುವುದೇ ಕಡಿಮೆ. ಇನ್ನೊಂದು ಕಡೆ, ವಯಸ್ಸಾದವರಲ್ಲಿ ರಕ್ತಕಣಗಳ ಸ್ವಂತ ಬದಲಾವಣೆಗಳು ಗಡ್ಡೆಯದ್ದೇನೋ ಅನ್ನುವ ಹಾಗೆ ಕಾಣಬಹುದು.

## ಹಂತ 9: ರಿಪೋರ್ಟ್ ಓದುವ ಕ್ರಮ

ಮೊದಲ ಪುಟದ ಔಷಧಗಳ ಪಟ್ಟಿಗೆ ಹಾರಬೇಡಿ. ಹೀಗೆ ಓದಿ:

1. ಹೆಸರು, ಬ್ಲಾಕ್ ನಂಬರ್, ಬಯಾಪ್ಸಿ ತಾರೀಖು ನಿಮ್ಮದೇನಾ.
2. ಗಡ್ಡೆಯ ಅಂಗ ಸರಿಯಾಗಿ ಬರೆದಿದ್ದಾರಾ. ಸಣ್ಣ ಕರುಳನ್ನು "ಕೊಲೊರೆಕ್ಟಲ್" ಅಂತ ನಮೂದಿಸಿದ್ದರೆ ಔಷಧದ ಪಟ್ಟಿ ಪೂರ್ತಿ ಬದಲಾಗುತ್ತದೆ.
3. ಗಡ್ಡೆಯ ಪಾಲು, ಡಿಎನ್‌ಎ ಗುಣಮಟ್ಟ. ಇವು ಕಳಪೆ ಇದ್ದು ಬದಲಾವಣೆ ಏನೂ ಇಲ್ಲ ಅಂದರೆ ಅದು ಉತ್ತರ ಅಲ್ಲ.
4. ಎಂಎಸ್‌ಐ ಫಲಿತಾಂಶ ಹಂತ 6ರ ಐಎಚ್‌ಸಿಗೆ ಹೊಂದುತ್ತದಾ.
5. ಆಮೇಲೆ ಬದಲಾವಣೆಗಳು. ಟಿಯರ್ 1, 2 ಅಂದರೆ ಚಿಕಿತ್ಸೆಗೆ ಸಂಬಂಧಪಟ್ಟವು. ಟಿಯರ್ 3, ವಿಯುಎಸ್ ಅಂದರೆ ಅರ್ಥ ಇನ್ನೂ ಗೊತ್ತಿಲ್ಲದವು. ವಿಯುಎಸ್ ನೋಡಿ ಔಷಧ ಕೇಳಬೇಡಿ, ಹೆದರಲೂ ಬೇಡಿ.

ಒಂದು ಬದಲಾವಣೆ 50%ರ ಹತ್ತಿರ ಇದ್ದು ಗಡ್ಡೆಯ ಪಾಲು 20% ಮಾತ್ರ ಇದ್ದರೆ ನಿಂತು ಯೋಚಿಸಿ. ಅದು ಹುಟ್ಟಿನಿಂದಲೇ ಎಲ್ಲ ಜೀವಕೋಶಗಳಲ್ಲೂ ಇರಬಹುದು. ಎಂಎಲ್‌ಎಚ್1, ಎಂಎಸ್‌ಎಚ್2, ಎಪಿಸಿ, ಎಸ್‌ಟಿಕೆ11 ಥರದ ಜೀನ್ ಆಗಿದ್ದರಂತೂ ಮುಂದಿನ ಹಂತ ಬಿಡಲೇಬಾರದು.

## ಹಂತ 10: ರಕ್ತದ ಟೆಸ್ಟ್, ರೋಗಿಗೆ ಮತ್ತು ಮನೆಯವರಿಗೆ

ಗಡ್ಡೆಯ ಟೆಸ್ಟ್ ಬೇರೆ, ವಂಶದ ಟೆಸ್ಟ್ ಬೇರೆ. ಗಡ್ಡೆಯಲ್ಲಿ ಸುಳಿವು ಸಿಕ್ಕರೆ ರಕ್ತದಲ್ಲೋ ಜೊಲ್ಲಿನಲ್ಲೋ ಖಚಿತ ಮಾಡಬೇಕು, ಕೌನ್ಸೆಲಿಂಗ್ ಜೊತೆಗೇ. ಲಿಂಚ್ ಅಂತ ಗೊತ್ತಾದರೆ ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ತಲಾ 50% ಸಾಧ್ಯತೆ ಇರುತ್ತದೆ, ಅವರಿಗೆ ಸಮಯಕ್ಕೆ ಸರಿಯಾಗಿ ಕೊಲೊನೋಸ್ಕೋಪಿ ಶುರು ಮಾಡಿದರೆ ಕ್ಯಾನ್ಸರ್ ತಡೆಯಲು ಆಗುತ್ತದೆ. ಮನೆಯವರಿಂದ ಮುಚ್ಚಿಡುವ ವಿಷಯ ಇದಲ್ಲ.

5-ಎಫ್‌ಯು ಅಥವಾ ಕ್ಯಾಪೆಸಿಟಬೈನ್ ಕೀಮೋ ಶುರು ಮಾಡುವ ಮುಂಚೆ ಡಿಪಿವೈಡಿ ಟೆಸ್ಟ್ ಬಗ್ಗೆಯೂ ಕೇಳಿ. ಇದು ಗಡ್ಡೆಗೆ ಸಂಬಂಧಿಸಿದ್ದಲ್ಲ, ದೇಹ ಆ ಔಷಧವನ್ನು ಕರಗಿಸುತ್ತದಾ ಅನ್ನುವುದರದ್ದು. ಕೆಲವರಿಗೆ ಮಾಮೂಲಿ ಡೋಸ್ ಜೀವಕ್ಕೇ ಕುತ್ತಾಗುತ್ತದೆ. ಯುರೋಪಿನ ಔಷಧ ಸಂಸ್ಥೆ 2020ರಿಂದ ಚಿಕಿತ್ಸೆಗೆ ಮುಂಚೆ ಈ ಪರೀಕ್ಷೆ ಮಾಡಲು ಹೇಳುತ್ತಿದೆ.

## ಎಲ್ಲಿ ನಿಂತು ಎರಡನೇ ಅಭಿಪ್ರಾಯ ಕೇಳಬೇಕು

- ಕೊಲೊನೋಸ್ಕೋಪಿ ಆಗದೆಯೇ "ಶ್ವಾಸಕೋಶದ್ದೇ", "ಸೈನಸ್‌ನದ್ದೇ" ಅಂತ ತೀರ್ಮಾನ ಆಗಿದೆ.
- ಎಂಎಲ್‌ಎಚ್1 ಇಲ್ಲ, ಪಿಎಂಎಸ್2 ಮಾತ್ರ ಇದೆ ಅಂತ ಬರೆದಿದ್ದಾರೆ. ಈ ಜೋಡಿ ಹಾಗೆ ಬರುವುದು ತೀರಾ ಅಪರೂಪ, ಸ್ಟೇನ್ ತಪ್ಪಿರಬಹುದು.
- ಅಪೆಂಡಿಕ್ಸ್‌ನ ಲೋಳೆ ಗಡ್ಡೆಗೆ ಒಂದೆರಡು ಸ್ಲೈಡ್ ನೋಡಿ ಹೆಸರು ಕೊಟ್ಟಿದ್ದಾರೆ. ಅಲ್ಲಿ ಇಡೀ ಅಪೆಂಡಿಕ್ಸನ್ನು ಬ್ಲಾಕ್ ಮಾಡಿ ನೋಡಬೇಕು, ಯಾಕೆಂದರೆ ಒಳಗೆ ನುಗ್ಗಿದ ಜಾಗ ಒಂದೇ ಮೂಲೆಯಲ್ಲಿ ಇರಬಹುದು.
- ಆಪರೇಷನ್ ರಿಪೋರ್ಟ್‌ನಲ್ಲಿ ಲಿಂಫ್ ನೋಡ್‌ಗಳ ಲೆಕ್ಕ ಇಲ್ಲ. ಜೆಜುನಮ್, ಇಲಿಯಮ್ (ಸಣ್ಣ ಕರುಳಿನ ಮಧ್ಯ ಮತ್ತು ಕೊನೆಯ ಭಾಗ) ಗಡ್ಡೆಗೆ 8ಕ್ಕಿಂತ ಕಡಿಮೆ ನೋಡ್ ನೋಡಿದ್ದರೆ ಕಾಯಿಲೆಯ ಹಂತವನ್ನು ಪೂರ್ತಿ ನಂಬಲು ಆಗುವುದಿಲ್ಲ. ಉಳಿದ ಕೊಬ್ಬಿನ ಭಾಗ ಲ್ಯಾಬ್‌ನಲ್ಲಿ ಇನ್ನೂ ಇದ್ದರೆ ಮತ್ತೆ ಹುಡುಕಲು ಹೇಳಬಹುದು, ಆದರೆ ಅದನ್ನು ಬಹಳ ದಿನ ಇಟ್ಟಿರುವುದಿಲ್ಲ, ತಡ ಮಾಡಬೇಡಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಮೊದಲು ಸ್ಟೇನ್ ಆಗಿರುವ ಸ್ಲೈಡ್‌ಗಳನ್ನೇ ಕೊಡಿ, ಎಲ್ಲವನ್ನೂ ಹೊಸದಾಗಿ ಹಾಕಿಸಬೇಡಿ. ಬ್ಲಾಕ್ ಕೊಡಲೇಬೇಕಾದರೆ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಅದನ್ನು ಮೂಲ ಲ್ಯಾಬ್‌ಗೆ ವಾಪಸ್ ತಲುಪಿಸಿ. ಕಾಯಿಲೆ ಮರುಕಳಿಸಿದರೆ ಹೊಸ ಬಯಾಪ್ಸಿಯ ಪಕ್ಕದಲ್ಲಿ ಇಟ್ಟು ನೋಡಲು ಆ ಹಳೆಯ ಬ್ಲಾಕೇ ಬೇಕಾಗುತ್ತದೆ.